ಬೆಂಡೆಕಾಯಿ ಬಿಡದ ಲೇಡಿ ಫಿಂಗರ್: ಗುಂಪುಗಳ್ಳಿ ಸಾಕುವವರಿಗೆ ಯಶಸ್ಸಿನ ಸೂತ್ರಗಳು

ನರ್ಸರಿಯ ಹುಡುಗ "ಲೇಡಿ ಫಿಂಗರ್ ಕ್ಯಾಕ್ಟಸ್ ಮೇಡಂ" ಎಂದು ಪುಟ್ಟ ಕುಂಡವೊಂದನ್ನು ಕೈಗಿತ್ತಾಗ, ಜೊತೆಗೆ ಬಂದಿದ್ದ ನಮ್ಮತ್ತೆ "ಇದ್ರಲ್ಲಿ ಬೆಂಡೆಕಾಯಿ ಬಿಡತ್ತೇನಪ್ಪಾ?" ಎಂದು ಕೇಳಿದರು. ಬಿಡುವುದಿಲ್ಲ. ಬಿಡುವುದು ಮರಿಗಳನ್ನು. ಬೆರಳು ಗಾತ್ರದ ಒಂದು ಕಾಂಡ, ಅದರ ಬುಡದಲ್ಲಿ ಇನ್ನೊಂದು, ಅದಕ್ಕೆ ಒತ್ತಿಕೊಂಡು ಮತ್ತೊಂದು. ಮೂರು ನಾಲ್ಕು ವರ್ಷದಲ್ಲಿ ಕುಂಡದ ತುಂಬ ಬಂಗಾರದ ಬಣ್ಣದ ಬೆರಳುಗಳು. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇದು ಮ್ಯಾಮಿಲ್ಲೇರಿಯಾ ಇಲಾಂಗೇಟಾ. ತವರು ಮಧ್ಯ ಮೆಕ್ಸಿಕೋದ ಹಿಡಾಲ್ಗೊ, ಕೆರೆಟಾರೊ, ಗ್ವಾನಹ್ವಾಟೊ ರಾಜ್ಯಗಳು. 1828ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಇಟ್ಟ ಹೆಸರು. ಇಲಾಂಗೇಟಾ ಎಂದರೆ ನೀಳವಾದದ್ದು. ನೀಳ ಎಂದರೂ ಹೆಚ್ಚೆಂದರೆ 15 ಸೆಂ.ಮೀ. ಹೊಸಬರು ಕೊಳ್ಳುವ ಮೊದಲ ಕಳ್ಳಿ ಎಷ್ಟೋ ಸಲ ಇದೇ, ಕೊಳೆಸಿ ಎಸೆಯುವ ಮೊದಲ ಕಳ್ಳಿಯೂ ಇದೇ. ನಾನು ಮೂರು ಎಸೆದಿದ್ದೇನೆ. ನಾಲ್ಕನೆಯದಕ್ಕೆ ಈಗ ಒಂಬತ್ತು ವರ್ಷ.

1. ತಲೆಯೊಳಗಿನ ಮರುಭೂಮಿಯನ್ನು ಮೊದಲು ಖಾಲಿ ಮಾಡಿ.
ಮರುಭೂಮಿ ಎಂದ ಕೂಡಲೇ ನಮಗೆ ಒಂಟೆ, ಮರಳ ದಿಬ್ಬ, ಹನಿ ನೀರಿಲ್ಲದ ನೆಲ ಕಾಣುತ್ತದೆ. ಈ ಗಿಡದ ಊರು ಹಾಗಿಲ್ಲ. ಅದು ಬೆಳೆಯುವುದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ಕಣಿವೆಯ ಕಡಿದಾದ ಗೋಡೆಗಳಲ್ಲಿ, ಬಂಡೆಯ ಬಿರುಕಿಗೆ ಸಿಕ್ಕಿಕೊಂಡ ಹಿಡಿ ಮಣ್ಣಿನಲ್ಲಿ. ಅಲ್ಲಿ ಮಳೆಯೂ ಬರುತ್ತದೆ. ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಮುಂಗಾರಿನ ತಿಂಗಳುಗಳಲ್ಲೇ. ಚಳಿಗಾಲ ಒಣ. ಅಂದರೆ ಇದರ ಪಂಚಾಂಗ ಹೆಚ್ಚುಕಡಿಮೆ ನಮ್ಮದೇ ಪಂಚಾಂಗ. ಆದರೆ ಅಲ್ಲಿ ಬಿದ್ದ ನೀರು ಬಂಡೆಯಿಂದ ಜಾರಿ ಹೋಗುತ್ತದೆ, ಉಳಿದ ತೇವವನ್ನು ಗಾಳಿ ಬೇಗ ಎಳೆದುಕೊಳ್ಳುತ್ತದೆ. ನಮ್ಮ ಕುಂಡದಲ್ಲಿ ಅದೇ ನೀರು ಎಂಟು ದಿನ ಕೂತಿರುತ್ತದೆ. ಚಿತ್ರದುರ್ಗದ ಬಂಡೆಗಳ ಸಂದಿಯಲ್ಲಿ ಹುಲ್ಲು ಎದ್ದದ್ದನ್ನು ನೋಡಿದ್ದೀರಲ್ಲ, ಅಂಥದ್ದೊಂದು ಸಂದಿಯನ್ನು ಬಾಲ್ಕನಿಯಲ್ಲಿ ಕಟ್ಟಿಕೊಡಿ. ಮುಂದೆ ಹೇಳುವುದೆಲ್ಲ ಅದನ್ನು ಕಟ್ಟುವ ಬಗೆ.

2. ಬೇಲಿ ಕಳ್ಳಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.
"ಕಳ್ಳಿ ತಾನೇ, ಕಿತ್ತೆಸೆದರೂ ಬದುಕತ್ತೆ" ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಕಣ್ಣ ಮುಂದಿರುವುದು ಹೊಲದ ಬದುವಿನ ಹಾಲುಗಳ್ಳಿ. ಅದು ಯೂಫೋರ್ಬಿಯಾ, ಕ್ಯಾಕ್ಟಸ್ ಕುಲವೇ ಅಲ್ಲ. ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್, ಅದೂ ಅಮೆರಿಕದಿಂದ ಬಂದದ್ದೇ. 18ನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯವರು ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳು ಸಾಕಲೆಂದು ಮದರಾಸಿನಲ್ಲಿ ಇದನ್ನು ಬೆಳೆಸಿದ್ದರು. ಅದರ ಒಂದು ತುಂಡು ಬಿದ್ದಲ್ಲೇ ಬೇರು ಬಿಟ್ಟು ಊರೆಲ್ಲ ಹಬ್ಬುತ್ತದೆ. ಬೆರಳುಗಳ್ಳಿಗೆ ಆ ರೌಡಿತನವಿಲ್ಲ. ಗುರುತು ಬೇಕಾದರೆ ಮುಳ್ಳಿನ ಬುಡ ನೋಡಿ: ಹತ್ತಿಯಂಥ ಪುಟ್ಟ ಮೆತ್ತೆಯಿಂದ ಮುಳ್ಳುಗಳು ಹೊರಟಿದ್ದರೆ ಅದು ಕ್ಯಾಕ್ಟಸ್.

3. ಜನವರಿಯಲ್ಲಿ ಕೊಳ್ಳಿ, ಆಗಸ್ಟ್‌ನಲ್ಲಿ ನೋಡಿಕೊಂಡು ಬನ್ನಿ.
ಲಾಲ್‌ಬಾಗ್‌ನಲ್ಲಿ ವರ್ಷಕ್ಕೆ ಎರಡು ಫಲಪುಷ್ಪ ಪ್ರದರ್ಶನ: ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು. ಗಿಡ ಮಾರುವವರು ಎರಡಕ್ಕೂ ಬರುತ್ತಾರೆ. ಆಗಸ್ಟ್‌ನಲ್ಲಿ ಕೊಂಡ ಗಿಡ ನೆರಳುಬಲೆಯಡಿ ಒದ್ದೆಯಾಗಿಯೇ ಬಂದಿರುತ್ತದೆ, ಮುಂದೆಯೂ ಎರಡು ತಿಂಗಳು ಮೋಡ. ಜನವರಿಯದು ಒಣಗಿರುತ್ತದೆ, ಮುಂದೆ ಬಿಸಿಲಿನ ದಿನಗಳಿವೆ. ಕೊಳ್ಳುವಾಗ ಬುಡವನ್ನು ಕಡ್ಡಿಯಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇರಬೇಕು.

4. ಹೂ ಅತಿ ಚೆಂದ ಇದ್ದರೆ ಅನುಮಾನ ಪಡಿ.
ಬೆರಳುಗಳ್ಳಿಯ ಹೂ ತಿಳಿ ಹಳದಿ ಅಥವಾ ಕೆನೆ ಬಣ್ಣ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ತುದಿಯ ಹತ್ತಿರ ಸುತ್ತ ಬಳೆಯಂತೆ ಅರಳುತ್ತದೆ. ನೆತ್ತಿಯ ಮೇಲೆ ಗುಲಾಬಿ ಬಣ್ಣದ ದೊಡ್ಡ ಹೂ ಒಂದೇ ಕೂತಿದ್ದರೆ ಅದು ಒಣಹೂ, ಬಿಸಿ ಅಂಟಿನಿಂದ ಅಂಟಿಸಿದ್ದು. ಕಿತ್ತರೆ ಗಿಡದ ನೆತ್ತಿಗೆ ಗಾಯವೂ ಆಗುತ್ತದೆ. ಕೆಂಪು, ಹಳದಿ ಚೆಂಡನ್ನು ಹಸಿರು ಕಂಬದ ಮೇಲೆ ಕೂರಿಸಿದಂತಿರುವ ‘ಮೂನ್ ಕ್ಯಾಕ್ಟಸ್’ ಮೋಸವಲ್ಲ, ಕಸಿ. ಮೇಲಿನ ಚೆಂಡಿಗೆ ಹಸಿರು ಇಲ್ಲದ್ದರಿಂದ ತಾನೇ ಊಟ ಮಾಡಿಕೊಳ್ಳಲಾರದು, ಕೆಳಗಿನ ಡ್ರ್ಯಾಗನ್ ಫ್ರೂಟ್ ಜಾತಿಯ ಬಳ್ಳಿ ಉಣಿಸಬೇಕು. ಚೆಂದವೇ, ಆದರೆ ಬಾಳಿಕೆ ಕಡಿಮೆ. ಮೊದಲ ಗಿಡವಾಗಿ ಬೇಡ.

5. ತಂದ ವಾರದಲ್ಲೇ ನಾರಿನ ಪುಡಿಯಿಂದ ಬಿಡಿಸಿ.
ನನ್ನ ಮೊದಲ ಗಿಡ ಸತ್ತದ್ದು ಇದರಿಂದ. ನರ್ಸರಿಗಳು ಗಿಡವನ್ನು ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿ ಬೆಳೆಸುತ್ತವೆ. ಹಗುರ, ಅಗ್ಗ, ಸಾಗಿಸಲು ಸುಲಭ. ನಾನು ಆ ಉಂಡೆಯನ್ನು ಹಾಗೇ ಎತ್ತಿ ಒಳ್ಳೆಯ ಮಣ್ಣಿನ ನಡುವೆ ಕೂರಿಸಿದ್ದೆ. ಸುತ್ತಲ ಮಣ್ಣು ಎರಡು ದಿನಕ್ಕೆ ಒಣಗುತ್ತಿತ್ತು, ಬೇರು ಕೂತಿದ್ದ ಉಂಡೆ ಮಾತ್ರ ಒಳಗೊಳಗೇ ಹಸಿ. ಮೇಲೆ ಮುಟ್ಟಿ ನೋಡಿ "ಒಣಗಿದೆ" ಎಂದು ಇನ್ನೂ ನೀರು ಸುರಿದೆ! ಉಂಡೆಯನ್ನು ಪೂರ್ತಿ ಒಣಗಲು ಬಿಡಿ, ಬೆರಳಿನಿಂದ ಪುಡಿ ಉದುರಿಸಿ, ಅಂಟಿಕೊಂಡದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಸಣ್ಣ ಬೇರು ಹರಿದರೆ ಹರಿಯಲಿ. ನೆರಳಿನಲ್ಲಿ ಮೂರು ನಾಲ್ಕು ದಿನ ಬರಿಬೇರಿನಲ್ಲೇ ಮಲಗಿಸಿಡಿ, ಆಮೇಲೆ ನೆಡಿ. ನೆಟ್ಟ ದಿನ ನೀರು ಹಾಕಲು ಕೈ ತುರಿಸುತ್ತದೆ. ಒಂದು ವಾರ ತಡೆಯಿರಿ.

6. ಮಣ್ಣಿಗಿಂತ ಕಲ್ಲು ಹೆಚ್ಚಿರಲಿ.
ನನ್ನ ಲೆಕ್ಕ: ಜರಡಿ ಹಿಡಿದ ಕೆಂಪುಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ ಅಥವಾ ಎಲೆಗೊಬ್ಬರ ಅರ್ಧ ಪಾಲು, ಸಣ್ಣ ಕಲ್ಲು ಎರಡು ಪಾಲು. ಕಲ್ಲು ಎಂದರೆ ಮನೆ ಕಟ್ಟುವವರು ಬೇಬಿ ಜಲ್ಲಿ ಎನ್ನುತ್ತಾರಲ್ಲ, ಅದರಲ್ಲಿ ಹೆಸರುಕಾಳಿನಿಂದ ಕಡಲೆಕಾಳಿನ ಗಾತ್ರದ್ದನ್ನು ಆರಿಸಿಕೊಳ್ಳಿ. ಇಟ್ಟಿಗೆ ಚೂರು, ಕುಟ್ಟಿದ ಇದ್ದಿಲು ಇದ್ದರೆ ಅದನ್ನೂ ಬೆರೆಸಬಹುದು. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಅದರ ನಯವಾದ ಪುಡಿಯನ್ನೆಲ್ಲ ಕಳೆಯಿರಿ, ಇಲ್ಲದಿದ್ದರೆ ಅದು ಮಣ್ಣಿನ ರಂಧ್ರಗಳನ್ನೆಲ್ಲ ತುಂಬಿ ಗಾರೆಯಂತೆ ಕೂರುತ್ತದೆ. ಮಂಗಳೂರು, ಕಾರವಾರದವರು ಕಡಲ ಮರಳನ್ನು ಮುಟ್ಟಲೇಬೇಡಿ, ಉಪ್ಪು. ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ಕುಂಡಕ್ಕೆ ತುಂಬಿ ಒಂದು ಲೋಟ ನೀರು ಸುರಿಯಿರಿ. ಹತ್ತು ಎಣಿಸುವುದರೊಳಗೆ ತಳದಿಂದ ಸುರಿಯಬೇಕು. ಮೇಲೆ ಕೆರೆಯಂತೆ ನಿಂತರೆ ಇನ್ನೊಂದು ಪಾಲು ಕಲ್ಲು.

7. ಗಿಡಕ್ಕಿಂತ ಒಂದಂಗುಲ ಅಗಲದ ಕುಂಡ, ಅಷ್ಟೇ.
"ಬೆಳೆಯತ್ತಲ್ಲ, ದೊಡ್ಡದಾಗೇ ಇರಲಿ" ಎಂದು ಮಕ್ಕಳ ಶಾಲೆಯ ಅಂಗಿ ಹೊಲಿಸಿದ ಹಾಗೆ ಕುಂಡ ಆರಿಸಬೇಡಿ. ಬೇರು ತಲುಪದ ಮಣ್ಣಿನ ನೀರನ್ನು ಕುಡಿಯುವವರಿಲ್ಲ, ಅದು ಹಾಗೇ ಹಳಸುತ್ತದೆ. ಇದರ ಬೇರು ಆಳಕ್ಕೆ ಇಳಿಯುವುದಿಲ್ಲ, ಗುಂಪು ಅಗಲಕ್ಕೆ ಹರಡುತ್ತದೆ. ಆದ್ದರಿಂದ ತಟ್ಟೆಯಂಥ ಅಗಲ ಬಾಯಿಯ ಮಣ್ಣಿನ ಕುಂಡ ಒಳ್ಳೆಯದು. ಗೋಡೆಯಿಂದಲೂ ತೇವ ಆರುತ್ತದೆ. ತಳದಲ್ಲಿ ತೂತಿಲ್ಲದ ಗಾಜಿನ ಬಟ್ಟಲು, ಚಹಾ ಕಪ್ಪು ಇವೆಲ್ಲ ಫೋಟೊಗೆ.

8. ತಳಕ್ಕೆ ಜಲ್ಲಿ ಹಾಸುವ ಹಳೇ ಚಾಳಿ ಬಿಡಿ.
ನಾವೆಲ್ಲ ಕಲಿತದ್ದೇ ಹಾಗೆ. ಆದರೆ ನಯ ಮಣ್ಣಿನಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ಜೌಗಾದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ಜೌಗು ಬೇರಿನ ಹತ್ತಿರಕ್ಕೇ ಏರುತ್ತದೆ. ಕಲ್ಲು ಮಣ್ಣಿನೊಳಗೆ ಬೆರೆತಿರಲಿ. ತೂತಿಗೆ ಸೊಳ್ಳೆಪರದೆಯ ಒಂದು ತುಂಡು ಸಾಕು.

9. ‘ವಾರಕ್ಕೊಮ್ಮೆ ನೀರು’ ಎಂಬ ಚೀಟಿಯನ್ನು ಹರಿದು ಹಾಕಿ.
ಕುಂಡದ ಜೊತೆ ಬರುವ ಆ ಚೀಟಿ ಬರೆದವರಿಗೆ ನಿಮ್ಮ ಮನೆ ರಾಯಚೂರಿನಲ್ಲಿದೆಯೋ ಮಡಿಕೇರಿಯಲ್ಲಿದೆಯೋ ಗೊತ್ತಿಲ್ಲ. ನನ್ನ ಅಳತೆಗೋಲು ಊದುಬತ್ತಿಯ ಕಡ್ಡಿ. ಉರಿದು ಉಳಿದ ಕಡ್ಡಿಯನ್ನು ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಯ ಬಣ್ಣ ಗಾಢವಾಗಿದ್ದರೆ, ಮಣ್ಣು ಅಂಟಿದ್ದರೆ, ಬೇಡ. ಒಣಗಿ ಬಂದರೆ ಇನ್ನೂ ಎರಡು ದಿನ ಬಿಟ್ಟು ಕೊಡಿ. ಕೊಡುವಾಗ ಜಿಪುಣತನ ಬೇಡ: ತಳದಿಂದ ಹರಿಯುವಷ್ಟು ಸುರಿಯಿರಿ, ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಕ್ಕೆ ಒಂದು ಚಮಚದಂತೆ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಬೇರಿಗೆ ತಲುಪುವುದಿಲ್ಲ, ಬುಡ ಮಾತ್ರ ಸದಾ ಒದ್ದೆ. ಕಾಂಡ ತುಸು ಸುಕ್ಕಾಗಿ ಕಂಡರೆ ಗಾಬರಿ ಬೇಡ. ಮಣ್ಣು ಒಣಗಿದ್ದರೆ ಅದು ಬಾಯಾರಿಕೆ, ನೀರುಂಡ ಮೇಲೆ ತುಂಬಿಕೊಳ್ಳುತ್ತದೆ. ಮಣ್ಣು ಒದ್ದೆ ಇದ್ದೂ ಸುಕ್ಕಾದರೆ ಬೇರು ಹೋಗಿದೆ ಎಂದರ್ಥ. ಆಗ 17ನೇ ಸೂತ್ರಕ್ಕೆ ಹಾರಿ.

10. ಮಳೆನೀರು ಹಿಡಿದಿಟ್ಟುಕೊಳ್ಳಿ.
ಬೋರ್‌ವೆಲ್ ನೀರಿನ ಸುಣ್ಣ ಬಂಗಾರದ ಮುಳ್ಳಿಗೆ ಬೂದು ಹತ್ತಿಸುತ್ತದೆ, ಮಣ್ಣನ್ನೂ ಕೆಡಿಸುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ನಡೆಯುತ್ತದೆ. ನೀರಿನ ಫಿಲ್ಟರ್‌ನಿಂದ ಹೊರಹೋಗುವ ಆರ್‌ಒ ತ್ಯಾಜ್ಯ ನೀರು ಮಾತ್ರ ಬೇಡ. ಉಳಿತಾಯ ಮಾಡುವ ಹುಮ್ಮಸ್ಸಿನಲ್ಲಿ ನಾವು ಅದನ್ನೇ ಗಿಡಕ್ಕೆ ಹಾಕುತ್ತೇವೆ, ಅದರಲ್ಲಿರುವುದು ಸೋಸಿ ಬಿಟ್ಟ ಲವಣವೆಲ್ಲ. ಅದು ನೆಲ ಒರೆಸಲು ಇರಲಿ.

11. ಬೆಳಗಿನ ಬಿಸಿಲು ನಾಲ್ಕೈದು ತಾಸು.
ಪೂರ್ವದ ಬಾಲ್ಕನಿ ಇದ್ದವರು ಪುಣ್ಯವಂತರು. ಬಿಸಿಲು ಸಾಲದಿದ್ದರೆ ಕಾಂಡದ ತುದಿ ಪೆನ್ಸಿಲ್‌ನಂತೆ ಸಪೂರವಾಗಿ, ಮುಳ್ಳು ವಿರಳವಾಗಿ, ಬೆಳಕಿನ ಕಡೆಗೆ ಕತ್ತು ಚಾಚುತ್ತದೆ. ಹಾಗೆ ಸೊರಗಿದ ಭಾಗ ಆಮೇಲೆ ಎಷ್ಟು ಬಿಸಿಲುಂಡರೂ ದಪ್ಪವಾಗುವುದಿಲ್ಲ. ಅದಕ್ಕೆಂದು ನೆರಳಿನಲ್ಲಿದ್ದ ಗಿಡವನ್ನು ಒಂದೇ ದಿನ ಏಪ್ರಿಲ್‌ನ ತಾರಸಿಗೆ ಏರಿಸಿದರೆ ಸುಡುತ್ತದೆ, ಆ ಒಣ ಹುಲ್ಲಿನ ಬಣ್ಣದ ಕಲೆಯೂ ಶಾಶ್ವತ. ಎರಡು ವಾರದಲ್ಲಿ ತಾಸು ತಾಸಾಗಿ ಹೆಚ್ಚಿಸಿ. ಮಧ್ಯಾಹ್ನದ ಪಶ್ಚಿಮದ ಬಿಸಿಲಿಗೆ ತೆಳು ಬಲೆಯೊಂದು ಅಡ್ಡವಿರಲಿ.

12. ಮುಳ್ಳುಗಿಡ ಮನೆಯೊಳಗೆ ಬೇಡ.
ವಾಸ್ತು ಹೇಳುವವರೂ ಹೀಗೇ ಹೇಳುತ್ತಾರೆ, ನಮ್ಮತ್ತೆಯೂ. ಕಾರಣ ಬೇರೆಯಾದರೂ ನಾನು ಅವರ ಪಕ್ಷ. ಟಿ.ವಿ. ಪಕ್ಕದ ಮೂಲೆ ನಮ್ಮ ಕಣ್ಣಿಗೆ ಬೆಳಕು, ಗಿಡಕ್ಕೆ ಗ್ರಹಣ. ಕಂಪ್ಯೂಟರ್ ಬಳಿ ಇಟ್ಟರೆ ‘ರೇಡಿಯೇಷನ್’ ಹೀರುತ್ತದೆ ಎಂಬುದೂ ಸುಳ್ಳು.

13. ರಾತ್ರಿಯ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.
ಇತರ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡರೆ, ಕ್ಯಾಕ್ಟಸ್ ಹಗಲು ಬಾಯಿ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಹಿಡಿದದ್ದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು ಹಗಲು ಬಿಸಿಲಿನಲ್ಲಿ ಬಳಸುತ್ತದೆ. ನೀರು ಉಳಿಸುವ ಉಪಾಯ. ಇದಕ್ಕೆ ರಾತ್ರಿ ತಂಪಿರಬೇಕು. ಬೆಂಗಳೂರು, ಮೈಸೂರು, ಹಾಸನದವರಿಗೆ ಈ ತಂಪು ಪುಕ್ಕಟೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ರಾತ್ರಿಗಳಲ್ಲಿ ಗಿಡ ಸುಮ್ಮನೆ ಕೂರುತ್ತದೆ. ಆಗ "ಪಾಪ, ಸೆಕೆ" ಎಂದು ನೀರು ಹೆಚ್ಚಿಸಬೇಡಿ, ಕಡಿಮೆ ಮಾಡಿ. ಇಡುವ ಜಾಗವೂ ರಾತ್ರಿಯೆಲ್ಲ ಶಾಖ ಉಗುಳುವ ಕಾಂಕ್ರೀಟ್ ಗೋಡೆಯ ಪಕ್ಕ ಬೇಡ.

14. ಆರಿದ್ರಾ ಹುಟ್ಟುವ ಮೊದಲು ಸೂರಿನಡಿ ತನ್ನಿ.
ಬೇಸಿಗೆಯ ಕೊನೆಯ ಒಂದೆರಡು ಅಡ್ಡಮಳೆ ಬೀಳಲಿ ಬಿಡಿ. ನನ್ನ ಗಿಡ ವರ್ಷದಲ್ಲಿ ಅತಿ ಹೆಚ್ಚು ಹಿಗ್ಗುವುದು ರೋಹಿಣಿ ಮಳೆಗೆ. ಸುರಿಯುತ್ತದೆ, ಮಾರನೆಯ ದಿನ ಬಿಸಿಲು ಕಾಯುತ್ತದೆ, ತವರಿನ ಹಾಗೇ. ತೊಂದರೆ ಆಮೇಲಿನದು. ಪುನರ್ವಸು, ಪುಷ್ಯದ ಜಿಟಿಜಿಟಿಯಲ್ಲಿ ಬೀಳುವ ನೀರು ಹೆಚ್ಚಲ್ಲ, ಆದರೆ ನಾಲ್ಕು ದಿನವಾದರೂ ಒಂದು ಎಲೆಯೂ ಒಣಗುವುದಿಲ್ಲ. ಬೆರಳುಗಳು ಒತ್ತೊತ್ತಾಗಿ ಕೂತಿರುವುದರಿಂದ ನಡುವಿನ ಸಂದಿಗೆ ಗಾಳಿಯೇ ಹೋಗದೆ, ಕೊಳೆ ಅಲ್ಲಿಂದ ಹಿಡಿಯುತ್ತದೆ. ಹೊರಗಿನಿಂದ ಗುಂಪು ಚೆನ್ನಾಗಿಯೇ ಕಾಣುತ್ತದೆ. ನನ್ನ ಎರಡನೆಯ ಗಿಡ ಹಾಗೆ ಒಳಗಿಂದ ಟೊಳ್ಳಾಗಿ ಹೋಯಿತು, ಗಣೇಶನ ಹಬ್ಬಕ್ಕೆ ಬಾಲ್ಕನಿ ತೊಳೆಯುವಾಗ ಕೈಗೆ ಬಂತು.

ಸೂರು ಎಂದರೆ ಬೆಳಕು ಬಿಡುವ ಪಾರದರ್ಶಕ ಶೀಟು. ಮೂರು ಬದಿ ತೆರೆದಿರಬೇಕು. ಮಳೆಗೆ ಹೆದರಿ ಪ್ಲಾಸ್ಟಿಕ್ ಚೀಲ ಹೊದಿಸಿದರೆ ಬೇಯುತ್ತದೆ. ಜೂನ್ ನಡುವಿನಿಂದ ಅಕ್ಟೋಬರ್‌ವರೆಗೆ ಕಡ್ಡಿ ಪರೀಕ್ಷೆ ತೇರ್ಗಡೆಯಾಗಿ, ಮುಂದಿನ ಎರಡು ದಿನ ಬಿಸಿಲಿನ ಭರವಸೆಯೂ ಇದ್ದರೆ ಮಾತ್ರ, ಬೆಳಗ್ಗೆ ನೀರು ಕೊಡಿ. ಕರಾವಳಿಯವರ ಕಷ್ಟ ಬೇರೆಯದೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಡೆ ಗಾಳಿಯೇ ಒದ್ದೆ. ಅಲ್ಲಿ ಕಲ್ಲಿನ ಪಾಲನ್ನು ಮೂರಕ್ಕೆ ಏರಿಸಿ, ಮಳೆಗಾಲ ಪೂರ್ತಿ ನೀರು ನಿಲ್ಲಿಸಿಬಿಡಿ. ಗಾಳಿಯ ತೇವ ಅದನ್ನು ಬದುಕಿಸಿಡುತ್ತದೆ ಎಂದಲ್ಲ, ಮೈಯೊಳಗೇ ಅದು ನೀರು ಕೂಡಿಟ್ಟುಕೊಂಡಿರುತ್ತದೆ.

15. ದೀಪಾವಳಿಯಿಂದ ಸಂಕ್ರಾಂತಿವರೆಗೆ ಉಪವಾಸ.
ಹೂ ಬೇಕಾದವರು ಇದನ್ನು ತಪ್ಪಿಸಬಾರದು. ಚಳಿ, ಒಣಹವೆ, ಚೆನ್ನಾದ ಬಿಸಿಲು, ತಿಂಗಳಿಗೆ ಒಮ್ಮೆ ಸ್ವಲ್ಪವೇ ನೀರು. ಕಾಂಡ ಕೊಂಚ ಕುಗ್ಗಿ ಮುಳ್ಳುಗಳು ಹತ್ತಿರ ಬರುತ್ತವೆ. ಸಂಕ್ರಾಂತಿ ಕಳೆದು ನೀರು ಶುರು ಮಾಡಿದರೆ ಶಿವರಾತ್ರಿ, ಯುಗಾದಿಯ ಆಸುಪಾಸು ಮೊಗ್ಗು. ಅವು ಬರುವುದು ಹಿಂದಿನ ವರ್ಷ ಬೆಳೆದ ಭಾಗದ ಗುಬುಟುಗಳ ನಡುವಿನಿಂದ. ಆದ್ದರಿಂದ ಹೋದ ಮಳೆಗಾಲದಲ್ಲಿ ಬೆಳೆಯದ ಕಾಂಡಕ್ಕೆ ಈ ಬೇಸಿಗೆಯ ಹೂವಿಲ್ಲ. ಮೊಗ್ಗು ಕಂಡ ಮೇಲೆ ಕುಂಡವನ್ನು ಅತ್ತಿತ್ತ ತಿರುಗಿಸಬೇಡಿ.

ಗೊಬ್ಬರದ ಮಾತೂ ಇಲ್ಲೇ ಮುಗಿಸುತ್ತೇನೆ: ಫೆಬ್ರವರಿಯಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ, ಗೊಬ್ಬರದಂಗಡಿಯ 19:19:19 ಪುಡಿ ಲೀಟರಿಗೆ ಅರ್ಧ ಗ್ರಾಂ. ಕಡಲೆಹಿಂಡಿ ಕೊಳೆಸಿದ ನೀರು ಗುಲಾಬಿಗೆ ಹಾಕಿ.

16. ಬಿಳಿ ಹತ್ತಿ ಎಲ್ಲವೂ ಗಿಡದ್ದಲ್ಲ.
ಮುಳ್ಳಿನ ಬುಡದ ಹತ್ತಿ ಸಾಲಾಗಿ, ಒಂದೇ ಅಳತೆಯಲ್ಲಿ ಇರುತ್ತದೆ. ಸಂದಿಗಳಲ್ಲಿ ಅಡ್ಡಾದಿಡ್ಡಿ ಮುದ್ದೆ ಕಂಡರೆ ಹಿಟ್ಟು ತಿಗಣೆ. ಕುಂಡದ ಸುತ್ತ ಇರುವೆ ಸಾಲು ಓಡಾಡುತ್ತಿದ್ದರೆ ಹುಡುಕುವ ಮೊದಲೇ ಇದೆ ಎಂದುಕೊಳ್ಳಿ. ಅದರ ಸಿಹಿ ಅಂಟಿಗಾಗಿ ಇರುವೆ ಅದನ್ನು ಹಸು ಕಾದಂತೆ ಕಾಯುತ್ತದೆ. ಕಿವಿಯ ಬಡ್‌ಗೆ ಸರ್ಜಿಕಲ್ ಸ್ಪಿರಿಟ್ ಅದ್ದಿ ಒಂದೊಂದನ್ನೇ ಮುಟ್ಟಿ, ಸಂಜೆ ಹೊತ್ತು. ನಾಲ್ಕು ದಿನಕ್ಕೊಮ್ಮೆ, ಮೂರು ನಾಲ್ಕು ಸಲ. ಬೇವಿನೆಣ್ಣೆ ಸಿಂಪಡಿಸಿ ಬಿಸಿಲಿಗಿಟ್ಟರೆ ತಿಗಣೆಯ ಜೊತೆ ಗಿಡವೂ ಸುಡುತ್ತದೆ. ಮೇಲೆ ಏನೂ ಕಾಣದೆ ಗಿಡ ಸುಮ್ಮನೆ ಕುಂಟುತ್ತಿದ್ದರೆ ಕುಂಡದಿಂದ ತೆಗೆದು ಬೇರು ನೋಡಿ, ಅಲ್ಲೂ ಬಿಳಿ ಪುಡಿ ಇರಬಹುದು. ಮಣ್ಣೆಲ್ಲ ತೊಳೆದು, ವಾರ ಒಣಗಿಸಿ, ಹೊಸ ಮಿಶ್ರಣ.

17. ಕಂದು ಬಣ್ಣ ಕಂಡರೆ ಮುಟ್ಟಿ ನೋಡಿ, ಆಮೇಲೆ ಚಾಕು ತನ್ನಿ.
ಹಳೆಯ ಕಾಂಡದ ಬುಡ ಕಂದಾಗಿ ತೊಗಟೆಯಂತೆ ಗಟ್ಟಿಯಾಗುವುದು ವಯಸ್ಸಿನ ಲಕ್ಷಣ, ರೋಗವಲ್ಲ. ಒತ್ತಿದರೆ ಬಾಳೆಹಣ್ಣಿನಂತೆ ಕುಸಿದರೆ ಕೊಳೆ. ಕೊಳೆತ ಬೆರಳನ್ನು ತೆಗೆದು, ಒಳಗೆ ಶುದ್ಧ ಹಸಿರು ಕಾಣುವವರೆಗೆ ಕತ್ತರಿಸುತ್ತಾ ಹೋಗಿ. ನಡುವೆ ಒಂದು ಕಿತ್ತಳೆ ಚುಕ್ಕೆ ಉಳಿದರೂ ಮತ್ತೆ ಏರುತ್ತದೆ. ಪ್ರತಿ ಕತ್ತರಿಕೆಗೂ ಚಾಕನ್ನು ಸ್ಪಿರಿಟ್‌ನಿಂದ ಒರೆಸಿ. ಗಾಯಕ್ಕೆ ಗಂಧಕದ ಪುಡಿ ಸವರಿ. ಗುಂಪುಗಳ್ಳಿಯ ದೊಡ್ಡ ಲಾಭ ಇಲ್ಲಿದೆ: ಒಂಟಿ ಚೆಂಡಿನ ಕಳ್ಳಿ ಕೊಳೆತರೆ ಕಥೆ ಮುಗಿಯಿತು, ಇದರಲ್ಲಿ ಹತ್ತು ಬೆರಳು ಹೋದರೂ ಒಂದು ಉಳಿದರೆ ಗಿಡ ಉಳಿಯಿತು. ನನ್ನ ಈಗಿನ ಕುಂಡ ಪೂರ್ತಿ ಹಾಗೆ ಉಳಿದ, ಮೂರನೆಯ ಗಿಡದ ಒಂದು ಬೆರಳಿನಿಂದ ಬಂದದ್ದು.

18. ಮರಿ ಬಿಡಿಸಿ, ಒಣಗಿಸಿ, ಬೇರು ಬಂದ ಮೇಲೇ ದಾನ ಮಾಡಿ.
ಫೆಬ್ರವರಿ, ಮಾರ್ಚ್ ಇದಕ್ಕೆ ಸರಿಯಾದ ಕಾಲ. ಹಳೆಯ ಪೇಪರನ್ನು ಪಟ್ಟಿಯಂತೆ ಮಡಚಿ ಕಾಂಡಕ್ಕೆ ಸುತ್ತಿ, ಮೆಲ್ಲಗೆ ತಿರುಚಿದರೆ ಬುಡದಲ್ಲಿ ಕಳಚಿಕೊಳ್ಳುತ್ತದೆ. ಈ ಜಾತಿಯ ಮುಳ್ಳು ಹಿಂದಕ್ಕೆ ಬಾಗಿರುವುದರಿಂದ ಅಷ್ಟಾಗಿ ಚುಚ್ಚುವುದಿಲ್ಲ, ಬರಿಗೈಯಲ್ಲೂ ಹಿಡಿಯಬಹುದು. ಗಾಯ ಚರ್ಮ ಕಟ್ಟುವವರೆಗೆ, ಅಂದರೆ ಐದಾರು ದಿನ, ನೆರಳಿನಲ್ಲಿಡಿ. ಒಣ ಮಿಶ್ರಣದ ಮೇಲೆ ನಿಲ್ಲಿಸಿ, ಹೂಳಬೇಡಿ, ಬೀಳುವಂತಿದ್ದರೆ ಎರಡು ಕಲ್ಲು ಒತ್ತುಕೊಡಿ. ಹತ್ತು ದಿನದ ಮೇಲೆ ತುಸು ನೀರು. ಮೂರು ನಾಲ್ಕು ವಾರಕ್ಕೆ ಮೆಲ್ಲಗೆ ಎಳೆದರೆ ಹಿಡಿದುಕೊಂಡ ಹಾಗೆ ಅನಿಸುತ್ತದೆ, ಬೇರು ಬಂದಿದೆ.

ಹಸಿ ಮರಿಯನ್ನು ಯಾರಿಗೂ ಕೊಡಬೇಡಿ. ಎಷ್ಟು ಹೇಳಿ ಕಳಿಸಿದರೂ ಮನೆಗೆ ಹೋದ ಕೂಡಲೇ ಒಂದು ಲೋಟ ನೀರು ಹಾಕುತ್ತಾರೆ. ನಮ್ಮತ್ತೆ ಊರಿಗೆ ಒಯ್ದ ಮರಿಗೆ ನಾನು ಮೊದಲೇ ಬೇರು ಬರಿಸಿ, ಕುಂಡದ ಸಮೇತ ಕೊಟ್ಟಿದ್ದೆ. ಅವರು ಅದನ್ನು ತುಳಸಿಕಟ್ಟೆಯ ಪಕ್ಕ, ಮಳೆ ತಾಗದ ಜಗುಲಿಯ ಅಂಚಿಗೆ ಇಟ್ಟು ಮರೆತುಬಿಟ್ಟರು. ಹೋದ ಯುಗಾದಿಗೆ ಫೋನ್ ಬಂತು: "ನಿನ್ನ ಬೆಂಡೆಕಾಯಿ ಹೂ ಬಿಟ್ಟಿದೆ ಕಣೇ."